ಏಳು ಡಿಗ್ರಿ

ಮಾರ್ಚ್ ೧೧, ಮಂಗಳವಾರ

ನನ್ನ ಪಿಎಚ್‌ಡಿ ಗೈಡ್ ಖುಷಿಪಟ್ಟಷ್ಟೂ ಇವತ್ತು ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ. "ನೋಡಮ್ಮ, ಎಷ್ಟೊಂದು ಸಿನಾಪ್ಸ್! ನಾವು ಬದಲಾಯಿಸಿದ ಜೀನ್‌ನ ಕೆಲಸ ಇದು," ಎಂದು ಪರದೆಯ ಮೇಲೆ ಬೆರಳಿಟ್ಟರು. ನೊಣದ ಮರಿಹುಳು ತನ್ನ ಗಟ್ಟಿ ಪೊರೆಯ ಕೋಶದೊಳಗೆ ನೊಣವಾಗಿ ಬದಲಾಗುವಾಗ ಮಿದುಳಿನ ನರಗಳ ನಡುವೆ ಸಿನಾಪ್ಸ್ ಎಂಬ ಹೊಸ ಕೊಂಡಿಗಳು ಮೂಡುತ್ತವೆ. ಈ ಸಲ ಅವು ಎಂದಿಗಿಂತ ಹೆಚ್ಚಿದ್ದವು. ನಾಳೆ ಲ್ಯಾಬಿನ ಸಭೆಯಲ್ಲಿ ಅವರು ಅದನ್ನೇ ಹೇಳುವವರಿದ್ದರು.

ಅದು ಜೀನ್‌ನ ಕೆಲಸವಲ್ಲ, ನನ್ನದು. ಅಮ್ಮನಿಗೆ ಆಪರೇಷನ್ ಆದ ವಾರ, ಕೋಶದೊಳಗಿನ ಹುಳುಗಳು ನಿಧಾನವಾಗಿ ಬಲಿತರೆ ಲ್ಯಾಬಿಗೆ ಬಾರದೆ ಆಸ್ಪತ್ರೆಯಲ್ಲೇ ಇರಬಹುದೆಂದು ಅವನ್ನಿಟ್ಟಿದ್ದ ಇನ್‌ಕ್ಯುಬೇಟರಿನ ಶಾಖವನ್ನು ಏಳು ಡಿಗ್ರಿ ಇಳಿಸಿದ್ದೆ. ಯಾರಿಗೂ ಹೇಳಲಿಲ್ಲ. ತಂಪಿನಲ್ಲಿ ಬೆಳೆದ ಮಿದುಳಿನಲ್ಲಿ ಕೊಂಡಿಗಳು ಹೆಚ್ಚುತ್ತವೆಂದು ಓದಿದ್ದು ಇವತ್ತು ಮಧ್ಯಾಹ್ನ, ಅವರು ಪರದೆ ತೋರಿಸುವ ಸ್ವಲ್ಪ ಮೊದಲು.

ಸಂಜೆ ಮೂರು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ನಾಲ್ಕನೇ ಸಲ ಶಾಖ ಇಳಿಸಿದ್ದನ್ನು ಗೈಡ್‌ಗೆ ಹೇಳಿಬಿಟ್ಟೆ.

"ಎಷ್ಟು ಇಳಿಸಿದ್ದೆ?"

"ಏಳು, ಸರ್."

"ಸರಿ. ನಾಳೆ ಸಭೇಲಿ ನೀನೇ ಹೇಳು."

ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಪ್ಪತ್ತು ಜನರೆದುರು ಯಾಕೆ ಇಳಿಸಿದೆ ಎಂದು ಕೇಳಿದರೆ ಅಮ್ಮನ ಕಾಯಿಲೆಯನ್ನು ಮುಂದಿಡಬೇಕೆ?

ಇದನ್ನು ಬರೆಯುತ್ತಿರುವಾಗಲೇ ಪಕ್ಕದ ಕೋಣೆಯಿಂದ ಅಮ್ಮ ಕೇಳಿದಳು, "ಇನ್ನೂ ಮಲಗಿಲ್ವೇನೇ? ನನ್ನಿಂದ ನಿನ್ನ ಕೆಲಸಕ್ಕೇನೂ ತೊಂದರೆ ಆಗ್ಲಿಲ್ಲ ತಾನೆ?"

"ಏನೂ ಇಲ್ಲಮ್ಮ, ನೀನು ಮಲಕ್ಕೋ."

ದೀಪ ಆರಿದೆ ಎಂದುಕೊಳ್ಳಲಿ ಎಂದು ಬಾಗಿಲ ಸಂದಿಗೆ ಟವೆಲ್ ಒತ್ತಿ ಬರೆಯುತ್ತಿದ್ದೇನೆ. ನಾಳೆ ಎದ್ದು ನಿಂತಾಗ ಮೊದಲ ಮಾತು ಬಾಯಿಗೆ ಬರದೇ ಹೋದರೆ ಎಂದು ಅದನ್ನು ಇಲ್ಲೇ ಬರೆದಿಟ್ಟುಕೊಳ್ಳುತ್ತೇನೆ: ಏಳು ಡಿಗ್ರಿ ಇಳಿಸಿದವಳು ನಾನು.