ಮೂರು ಗ್ರಾಂ ಎಲೆ

ತಾ. ಹದಿನಾಲ್ಕು, ಮಂಗಳವಾರ

ಪುಟ್ಟೀ,

ಅದಲ್ಲಮ್ಮಾ, ಕುದಿಸಿದರೂ ವಿಷ ಹೋಗುವುದಿಲ್ಲ ಅಂದರೆ ಏನರ್ಥ? ನಿನ್ನೆ ಇದನ್ನು ಕೇಳಿ, ಉತ್ತರಕ್ಕೂ ಕಾಯದೆ ಫೋನ್ ಕುಕ್ಕಿದವನು ನಾನೇ, ಒಪ್ಪಿದೆ. ನಿನ್ನ ಕಾಗದಕ್ಕೆ ಮೂರು ವಾರ ಉತ್ತರ ಬರೆಯದವನೂ ನಾನೇ. ಎರಡಕ್ಕೂ ಸೇರಿಸಿ ಒಂದೇ ಕ್ಷಮೆ, ಹೋಲ್‌ಸೇಲ್. ನಾನು ಕ್ಷೇಮ. ಅಡುಗೆಮನೆ ನಲ್ಲಿ ಮಾತ್ರ ಇನ್ನೂ ಸೋರುತ್ತಿದೆ.

ನನಗೆ ರೇಗಿದ್ದೇಕೆ ಗೊತ್ತೇ? ಮೂವತ್ತೊಂದು ವರ್ಷ ಊರಿನ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತಿದವನು ನಾನು. ಔಷಧ ಪರೀಕ್ಷಿಸುವ ಲ್ಯಾಬಿನಲ್ಲಿ ಆರು ವರ್ಷ ಕೂತ ನೀನು ನನಗೆ ಹಿತ್ತಲ ಗಿಡದ ಪಾಠ ಹೇಳುವುದೆಂದರೆ! ಆಲ್ಕಲಾಯ್ಡ್ ಅಂದೆಯಲ್ಲ, ಕಾಲೇಜಿನಲ್ಲಿ ನಾನೂ ಓದಿದ್ದೆ. ಸ್ಪೆಲ್ಲಿಂಗ್ ಅರ್ಧ ನೆನಪಿದೆ, ಅರ್ಥ ಪೂರ್ತಿ ಮರೆತಿದೆ. ಎಲೆಯಲ್ಲಿ ಅದು ಸುಮ್ಮನೆ ಮಲಗಿರುತ್ತದೆ, ಲಿವರ್ರೇ ಅದನ್ನು ಎಬ್ಬಿಸಿ ವಿಷ ಮಾಡಿಕೊಳ್ಳುತ್ತದೆ, ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಉಳಿದದ್ದು ಶ್ವಾಸಕೋಶಕ್ಕೆ ಹೋಗಿ ಅಲ್ಲಿನ ನಾಳಗಳನ್ನೂ ಬಿಗಿಯುತ್ತದೆ. ಇಷ್ಟನ್ನೂ ನೀನು ಒಂದೇ ಉಸಿರಿಗೆ ಹೇಳಿದೆ. ಕೇಳಿದ ನನಗೆ ಉಸಿರು ಕಟ್ಟಿತು. ಹೇಳುವುದಕ್ಕೂ ಒಂದು ಮೆಥಡ್ ಬೇಡವೇ?

ಇರಲಿ. ನೀನು ಹೇಳಿದಂತೆ ಬೆಳಗ್ಗೆ ಎದುರುಮನೆ ಟೈಲರ್ ಹತ್ತಿರ ಹೋದೆ. ಅವನ ಹೆಂಡತಿಯ ಮಂಡಿನೋವಿಗೆಂದು ಮೊನ್ನೆ ಶನಿವಾರ ನಾನೇ ಕೊಟ್ಟಿದ್ದ ಎಲೆಯ ಪೊಟ್ಟಣ ವಾಪಸು ಕೇಳಿದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಮನುಷ್ಯ ಅವನು.

"ಏನ್ ಸಾರ್, ಕೊಟ್ಟಿದ್ದನ್ನ ವಾಪಸ್ ಕೇಳ್ತೀರಾ? ನಾನು ಹೊಲಿದಿರೋ ಪ್ಯಾಂಟು ಯಾವತ್ತಾದ್ರೂ ವಾಪಸ್ ಕೇಳಿದೀನಾ?"

"ತಮಾಷೆ ಸಾಕು ಕಣಯ್ಯಾ. ಅದು ವಿಷ."

"ಅಯ್ಯೋ, ಸುಮ್ನಿರಿ ಸಾರ್," ಎಂದು ಆಕೆ ಒಳಗಿನಿಂದಲೇ ನಕ್ಕರು. "ನಿಮ್ಮನೆಯವ್ರು ಎರಡು ವರ್ಷ ಕುಡಿದ್ರಲ್ಲ, ಅವ್ರಿಗೇನಾ..."

ಹೊಲಿಗೆ ಮಿಷನ್ ನಿಂತಿತು. ಟೈಲರ್ ಒಂದೊಂದೇ ಸೂಜಿಯನ್ನು ಬಾಯಿಂದ ತೆಗೆದು ಡಬ್ಬಿಗೆ ಹಾಕಿದ, ಒಳಗೆ ಹೋಗಿ ಪೊಟ್ಟಣ ತಂದು ನನ್ನ ಕೈಗಿಟ್ಟ. ಮೂರೇ ದಿನ ಕುಡಿದಿದ್ದರಂತೆ. ಇವತ್ತೇ ಡಾಕ್ಟರಿಗೆ ತೋರಿಸಿ, ಎಲೆಯ ವಿಷಯ ಮುಚ್ಚಿಡದೆ ಹೇಳಿ ಎಂದು ಮೂರು ಸಲ ಹೇಳಿ ಬಂದೆ.

ಮಧ್ಯಾಹ್ನ ಗಿಡವನ್ನೇ ಕಿತ್ತೆ. ನೀನು ಚಿಕ್ಕವಳಿದ್ದಾಗ ಅದರ ಒಣಕಾಯಿ ಅಲ್ಲಾಡಿಸಿಕೊಂಡು ಗಿಲಕಿ ಗಿಡ ಅನ್ನುತ್ತಿದ್ದೆಯಲ್ಲ. ದರಿದ್ರದ್ದು, ಗೋಣಿಚೀಲಕ್ಕೆ ತುಂಬಿದ ಮೇಲೂ ಗಲಗಲ ಎನ್ನುತ್ತಲೇ ಇತ್ತು. ಆಮೇಲೆ ನನ್ನ ಹಿತ್ತಾಳೆ ತಕ್ಕಡಿ ತೆಗೆದು ನೋಡಿದೆ. ನಿಮ್ಮಮ್ಮನಿಗೆ ಇದರಲ್ಲೇ ತೂಗುತ್ತಿದ್ದೆ, ದಿನಕ್ಕೆ ಮೂರು ಗ್ರಾಂ. ಎರಡೂ ಮುಕ್ಕಾಲಲ್ಲ, ಮೂರೂ ಕಾಲಲ್ಲ. ಪರ್ಫೆಕ್ಟ್ ಪ್ರಿಸಿಷನ್! ತಕ್ಕಡಿ ಇವತ್ತಿಗೂ ಒಂದು ಕೂದಲೆಳೆ ತಪ್ಪು ತೋರಿಸುವುದಿಲ್ಲ. ಅದೇ ನನಗೆ ತಡೆಯಲಾಗದ್ದು.

ನಲ್ಲಿಗೆ ವಾಷರ್ ಯಾವ ಸೈಜ್ ಬೇಕೆಂದು ಕೇಳಬೇಕಿತ್ತು, ಆದರೆ ಕಿಟಕಿಯ ಬೆಳಕು ಹೋಗುತ್ತಿದೆ, ಬರೆದ ಸಾಲಿನ ಮೇಲೇ ಬರೆಯುತ್ತಿದ್ದೇನೆ. ನೂರು ಕಾಲ ಚೆನ್ನಾಗಿರು ಮಗಳೇ. ಸಿಟ್ಟು ಬಂದರೆ ನೀನೂ ಒಂದು ಸಲ ಫೋನ್ ಕುಕ್ಕು.

ಇಂತಿ,
ನಿನ್ನ ಅಪ್ಪ

ಮರೆತಿದ್ದೆ: ನಿಮ್ಮಮ್ಮ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ಕೇಳಿದ್ದರು, "ಮನೆಯಲ್ಲಿ ಸೊಪ್ಪು, ಬೇರು ಏನಾದ್ರೂ ಕುದಿಸಿ ಕೊಡ್ತಿದೀರಾ?" ಅಂತ. "ನೋ ಡಾಕ್ಟರ್, ವಿ ಆರ್ ಎಜುಕೇಟೆಡ್ ಪೀಪಲ್" ಎಂದೆ. ಕಷಾಯದ ಫ್ಲಾಸ್ಕು ಆಗ ನನ್ನ ಕಂಕುಳಲ್ಲೇ ಇತ್ತು. ನಿಮ್ಮಮ್ಮ ಫ್ಲಾಸ್ಕನ್ನು ನೋಡಿದಳು, ನನ್ನ ಮುಖ ನೋಡಿದಳು. ಡಾಕ್ಟರು ಆ ಕಡೆ ಹೋದ ಮೇಲೆ ಕುಡಿದಳು. ಕಹಿ ಅಂದಳು. ಲೋಟ ಖಾಲಿಯಾಗುವವರೆಗೆ ನಾನು ಎದುರಿಗೇ ನಿಂತಿದ್ದೆ.