ಆರ್ವಿಲ್‌ನ ಊಟದ ಡಬ್ಬಿ

ಬಕ್‌ಲಿಕ್ ಕಣಿವೆ, ವೆಸ್ಟ್ ವರ್ಜೀನಿಯಾ
23 ಮೇ 2019, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗ ಕೋಯ್,

ಹೇಗಿದ್ದೀಯಪ್ಪ? ಹಲ್ಲುನೋವು ಹೋಯಿತೇ? ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತೇನೆ, ಕೇಳದೆ ಪತ್ರ ಶುರು ಮಾಡಲು ನನಗೆ ಬರುವುದಿಲ್ಲ. ಹಲ್ಲಿನ ವಿಷಯ ಹೇಳಿದ್ದು ನಿನ್ನ ಗಾರ್ನೆಟ್ ಅತ್ತೆ. ಅವಳಿಗೆ ಬರೆಯುತ್ತೀಯ, ನನಗೆ ಬರೆಯುವುದಿಲ್ಲ. ಇರಲಿ. ಜೈಲಿನವರು ಬೀನ್ಸ್ ಬೇಯಿಸುವುದೇ ಇಲ್ಲ, ಬಿಸಿನೀರು ತೋರಿಸಿ ತಟ್ಟೆಗೆ ಹಾಕುತ್ತಾರೆ ಎಂದು ಬರೆದಿದ್ದೆಯಂತೆ. ಅವಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಇಲ್ಲಿ ಹಂದಿಮಾಂಸದ ತುಂಡು ಹಾಕಿ ಮೂರು ಗಂಟೆ ಕುದಿಸಿದ ಬೀನ್ಸ್ ಒಲೆಯ ಮೇಲಿದೆ, ತಿನ್ನುವವಳು ನಾನೊಬ್ಬಳೇ.

ಈ ಎರಡು ವರ್ಷದಲ್ಲಿ ನಾನು ಬರೆದ ಪ್ರತಿ ಪತ್ರದ ಕೊನೆಗೂ ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂದು ಬರೆದಿದ್ದೆ. ಈ ಪತ್ರದಲ್ಲಿ ಆ ಮಾತು ಇರುವುದಿಲ್ಲ. ಯಾಕೆಂದು ಹೇಳಲಿಕ್ಕೇ ಕುಳಿತಿದ್ದೇನೆ, ಆದರೆ ಕೈ ಅಲ್ಲಿಗೆ ಹೋಗಲು ಒಲ್ಲೆ ಎನ್ನುತ್ತಿದೆ. ಸುತ್ತುಬಳಸಿ ಬರುತ್ತೇನೆ, ಸಹಿಸಿಕೋ.

ಮೊದಲು ನನ್ನ ಸುದ್ದಿ. ಏಪ್ರಿಲ್ ಮೂರನೇ ತಾರೀಖು ಕೊನೆಯ ನೋವಿನ ಮಾತ್ರೆ ನುಂಗಿದೆ. ಇವತ್ತಿಗೆ ಐವತ್ತು ದಿನ. ನಗಬೇಡ. ವೃದ್ಧಾಶ್ರಮದಲ್ಲಿ ಇಪ್ಪತ್ತೆರಡು ವರ್ಷ ಮುದುಕರನ್ನು ಎತ್ತಿ ಮಗ್ಗುಲು ಬದಲಿಸಿ ಬೆನ್ನು ಮುರಿದುಕೊಂಡವಳು ನಾನು. ಬೆನ್ನಿನೊಳಗೆ ಎರಡು ಉಕ್ಕಿನ ಸರಳು, ಮೇಲಿಂದ ಹನ್ನೊಂದು ವರ್ಷ ಅಫೀಮಿನ ಜಾತಿಯ, ಚಟ ಹಿಡಿಸುವ ಮಾತ್ರೆ. ಪೇಟೆಯ ಆ ನೋವಿನ ಕ್ಲಿನಿಕ್ ಮುಚ್ಚಿದ ಮೇಲೆ ಇನ್ನು ಸತ್ತೆ ಎಂದುಕೊಂಡಿದ್ದೆ. ಆಗ ಸಿಕ್ಕಿದವಳು ಡಾಕ್ಟರ್ ಪ್ರೂಯಿಟ್, ಸಣ್ಣ ವಯಸ್ಸಿನ ಹುಡುಗಿ, ನನ್ನ ಸೊಸೆಯಾಗುವ ವಯಸ್ಸು ಅವಳದು. “ಇದು ಬಾವಿಗೆ ಹಾರೋದಲ್ಲ ಡ್ರೀಮಾ, ಏಣಿ ಇಳಿಯೋದು. ಕಾಲು ನಡುಗಿದ್ರೆ ಅಲ್ಲೇ ನಿಂತ್ಕೊಳ್ಳಿ, ಮೇಲೆ ಮಾತ್ರ ಹತ್ಬೇಡಿ” ಎಂದಳು. ಮಾತ್ರೆಯನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಹದಿನಾಲ್ಕು ತಿಂಗಳು ಇಳಿದೆ. ಎರಡು ಸಲ ನಿಂತುಕೊಂಡೆ. ಒಂದು ಸಲ ಅವಳನ್ನು ಬಾಯಿಗೆ ಬಂದ ಹಾಗೆ ಬೈದೆ, ಮುಂದಿನ ವಾರ ಸೇಬಿನ ಕೇಕ್ ಒಯ್ದು ಕೊಟ್ಟೆ.

ಪ್ರತಿ ಮೆಟ್ಟಿಲಿಗೂ ಒಂದು ವಾರದ ಪಾಡು. ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಒಲೆಯ ಮುಂದೆ ಕುಳಿತರೂ ಮೈತುಂಬ ಮುಳ್ಳು, ಕೂತಲ್ಲೇ ಒದೆಯುವ ಕಾಲು. ನಮ್ಮ ನಾಯಿ ಕೂಡ ನನ್ನ ಮಂಚದ ಕೆಳಗೆ ಮಲಗುವುದು ಬಿಟ್ಟಿತು. ನಿನಗೆ ಇದನ್ನೆಲ್ಲ ನಾನು ವಿವರಿಸಬೇಕೇ! ನೀನು ಗಾರ್ನೆಟ್ ಮನೆಯ ಹಿಂದಿನ ಕೋಣೆಯಲ್ಲಿ ಇದೇ ದಾರಿಯನ್ನು ಒಬ್ಬನೇ ದಾಟಿದವನು. ಆಗ ನಾನು ಬಾಗಿಲಾಚೆ ನಿಂತು “ಇಷ್ಟಕ್ಕೆಲ್ಲ ಇಷ್ಟು ಗೋಳಾ?” ಎಂದಿದ್ದೆ. ಹಾಗೆನ್ನುವಾಗ ನನ್ನ ಜೇಬಿನಲ್ಲಿ ಮಾತ್ರೆ ಇತ್ತು.

ನೋವು ಹೋಗಿಲ್ಲ. ಬೆಳಿಗ್ಗೆ ಸಾಕ್ಸ್ ಹಾಕಿಕೊಳ್ಳಲು ಕಾಲು ಗಂಟೆ ಬೇಕು. ಒಂದು ಬಕೆಟ್ ಕಲ್ಲಿದ್ದಲು ತಂದರೆ ಅರ್ಧ ದಿನ ಬಿಸಿನೀರಿನ ಚೀಲದ ಜೊತೆ ಮಲಗಬೇಕು. ಆದರೆ ನಾನು ಹೆದರಿದ್ದಷ್ಟು ಹೆಚ್ಚೂ ಆಗಿಲ್ಲ. ಆಶ್ಚರ್ಯವೆಂದರೆ ಬೇರೆಯದೆಲ್ಲ ವಾಪಸು ಬರುತ್ತಿದೆ. ಕಾಡು ಬೆಳ್ಳುಳ್ಳಿಯ ವಾಸನೆ ಬಂತು, ಅಳು ಬಂತು, ಆಮೇಲೆ ನೆನಪು ಬಂತು. ನೆನಪಿನ ಜೊತೆ ನಿನ್ನ ಅಪ್ಪನೂ ಬಂದ.

ಹುಚ್ಚು ಹಿಡಿದಿದೆ ಎನ್ನಬೇಡ. ದಿನಾ ಮಧ್ಯಾಹ್ನ ಮೂರೂವರೆಗೆ, ಗಣಿಯ ಮೊದಲ ಪಾಳಿ ಬಿಡುತ್ತಿದ್ದ ಹೊತ್ತಿಗೆ, ಜಗಲಿಯ ಮೇಲೆ ಅವನ ಊಟದ ಡಬ್ಬಿ ಇಟ್ಟ ಸದ್ದಾಗುತ್ತದೆ. ಡಬ್ಬಿ ನೋಡಿದರೆ ಅಡುಗೆಮನೆಯ ಮೇಲಿನ ಹಲಗೆಯ ಮೇಲೆಯೇ ಇರುತ್ತದೆ. ಆರ್ವಿಲ್ ಬಂದು ತನ್ನ ಕುರ್ಚಿಯಲ್ಲಿ ಕೂರುತ್ತಾನೆ. ಕಣ್ಣಿನ ಸುತ್ತ ಅದೇ ಇದ್ದಲಿನ ಕಪ್ಪು ಗೆರೆ. ಮಾತಿಲ್ಲ. ನನ್ನನ್ನೂ ನೋಡುವುದಿಲ್ಲ, ಆ ಹಲಗೆಯನ್ನು ನೋಡುತ್ತಾನೆ. ನಿದ್ದೆಯಿಲ್ಲದ ಮಿದುಳು ಹೀಗೆ ಮಾಡುತ್ತದೆ, ಹೋಗುತ್ತದೆ ಎಂದಳು ಡಾಕ್ಟರ್. ಗಾರ್ನೆಟ್‌ಗೆ ಹೇಳಿದರೆ “ಬದುಕಿದ್ದಾಗ್ಲೇ ನಮ್ಮಣ್ಣ ಮಾತಾಡ್ಲಿಲ್ಲ, ಸತ್ಮೇಲೆ ಏನ್ ಮಾತಾಡ್ತಾನೆ? ಕಾಫಿ ಕೊಟ್ಟು ಕಳಿಸೇ” ಎಂದಳು. ಕಾಫಿಯನ್ನೂ ಇಟ್ಟೆ. ನನಗೆ ಅವನ ಭಯವಿಲ್ಲ, ಕೋಯ್. ಅವನು ನೋಡುತ್ತಿದ್ದ ಜಾಗದ ಭಯ.

ಅವನು ಹೋದ ದಿನ ನೆನಪಿದೆಯಲ್ಲ? ಹೆಣ ಮನೆಗೆ ಬರುವ ಮೊದಲೇ ಗಾರ್ನೆಟ್ ಫೋನು ಮಾಡಿ “ಅಳೋದು ಆಮೇಲೆ ಇದೆ. ಜನ ಬರೋಕ್ಮುಂಚೆ ಮಾತ್ರೆ ಬಚ್ಚಿಡು” ಎಂದಿದ್ದಳು. ಮೊದಲು ನಮ್ಮ ಕಣಿವೆಯಲ್ಲಿ ಸಾವಾದರೆ ಕನ್ನಡಿಗೆ ಬಟ್ಟೆ ಮುಚ್ಚುತ್ತಿದ್ದರು, ಗಡಿಯಾರ ನಿಲ್ಲಿಸುತ್ತಿದ್ದರು. ಈಗ ಮಾತ್ರೆ ಬಚ್ಚಿಡುತ್ತಾರೆ. ಕೋಳಿಸಾರು ತಂದವರು ಕೈತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಔಷಧಿಯ ಕಪಾಟು ಬರಿದು ಮಾಡುತ್ತಾರಲ್ಲ, ಅವರಲ್ಲಿ ಅರ್ಧ ಜನ ನನ್ನ ಜೊತೆ ಚರ್ಚಿನಲ್ಲಿ ಹಾಡುವವರು. ಆ ಬೆಳಿಗ್ಗೆ ನಾನು ಒಂದರ ಬದಲು ನಾಲ್ಕು ನುಂಗಿದ್ದೆ. ಉಳಿದದ್ದನ್ನು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದೆ, ನಲವತ್ತೆರಡು. ಕ್ಲಿನಿಕ್ಕಿನವರು ಯಾವಾಗ ಕರೆದು ಎಣಿಸುತ್ತಾರೋ ಎಂಬ ಭಯಕ್ಕೆ ನಾನು ಎಣಿಸದೆ ಕಾಫಿ ಕುಡಿದವಳಲ್ಲ. ಆಮೇಲೆ ಬಾಟಲಿಯನ್ನು ಎಲ್ಲೋ ಇಟ್ಟೆ. ಅಲ್ಲಿಂದ ಮಣ್ಣು ಮಾಡಿ ಬರುವವರೆಗೆ ಏನೂ ನೆನಪಿಲ್ಲ.

ಮರುದಿನ ಹಿಟ್ಟಿನ ಡಬ್ಬ, ಕೌದಿಯ ಪೆಟ್ಟಿಗೆ, ಸ್ಟವ್ವಿನ ಹಿಂದೆ, ಎಲ್ಲ ಹುಡುಕಿದೆ. ಮೂರನೇ ದಿನಕ್ಕೆ ಮೈ ನಡುಗಲು ಶುರುವಾಯಿತು. ಕಳುವಾಯಿತು ಎಂದು ಪೊಲೀಸರ ಕಾಗದ ತಂದರೆ ಮಾತ್ರ ಕ್ಲಿನಿಕ್ಕಿನವರು ಮತ್ತೆ ಬರೆದುಕೊಡುತ್ತಾರೆ, ಇದು ಇಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ಪೊಲೀಸ್ ಡೆಪ್ಯುಟಿ ಬಂದ. “ಯಾರ ಮೇಲಾದ್ರೂ ಅನುಮಾನ ಇದ್ಯಾ?” ಎಂದ. ನೀನು ಮಣ್ಣು ಮಾಡಿದ ದಿನದ ಅದೇ ಟೈ ಕಟ್ಟಿಕೊಂಡು ಸೋಫಾದಲ್ಲಿ ಕುಳಿತಿದ್ದೆ, ಮಾತ್ರೆ ಬಿಟ್ಟು ಎಂಟು ತಿಂಗಳಾಗಿತ್ತು, ಹಳೆಯ ಕೇಸಿನಲ್ಲಿ ಕೋರ್ಟು ನಿನ್ನನ್ನು ಮತ್ತೆ ತಪ್ಪಿದರೆ ಜೈಲು ಎಂಬ ಷರತ್ತಿನ ಮೇಲೆ ಹೊರಗೆ ಬಿಟ್ಟಿತ್ತು. ನಾನು “ಇನ್ಯಾರು? ಇವ್ನೇ” ಎಂದೆ. ನೀನು “ನಾನ್ ಮುಟ್ಟಿಲ್ಲಮ್ಮ” ಎಂದೆ. ಆಮೇಲೆ ನನ್ನ ಒದೆಯುವ ಕಾಲುಗಳನ್ನು ನೋಡಿದೆ. ಡೆಪ್ಯುಟಿಯ ಕಡೆ ತಿರುಗಿ ನೀನೇ ಹೇಳಿದೆ, “ನಾನೇ ತಗೊಂಡೆ ಅಂತ ಬರ್ಕೊಳ್ಳಿ ಸಾರ್.”

ಎರಡು ವರ್ಷ ನಾನು ಹಿಡಿದುಕೊಂಡಿದ್ದು ಆ ಮಾತನ್ನೇ. ಒಪ್ಪಿಕೊಂಡನಲ್ಲ ಎಂದು ಊರಿಗೆಲ್ಲ ಹೇಳಿದೆ. ಆದರೆ ನೀನು ಅಲ್ಲಿಗೇ ನಿಲ್ಲಿಸಿರಲಿಲ್ಲ. ನಿನ್ನ ಎರಡನೇ ಮಾತು ಈ ಐವತ್ತು ದಿನದಲ್ಲಿ ಒಂದು ಮಧ್ಯಾಹ್ನ ಪಾತ್ರೆ ತೊಳೆಯುವಾಗ, ನೀನೇ ಹಿಂದೆ ನಿಂತು ಹೇಳಿದ ಹಾಗೆ ಕೇಳಿಸಿತು. “ಅಮ್ಮಂಗೆ ಕಾಗದ ಬೇಗ ಕೊಡಿ.” ನನ್ನ ಕೈಯಲ್ಲಿದ್ದ ತಟ್ಟೆ ಒಡೆಯಿತು. ಅಷ್ಟು ಕೇಳಿಸಿದ ಮೇಲೂ ಹಲಗೆಯ ಮೇಲೆ ಕೈಯಿಡಲು ನನಗೆ ಮೂರು ವಾರ ಬೇಕಾಯಿತು.

ಹಾಳೆ ಮುಗಿಯುತ್ತಾ ಬಂತು, ಹೇಳಬೇಕಾದ್ದು ಇನ್ನೂ ಹೊಟ್ಟೆಯಲ್ಲೇ ಇದೆ. ಭಾನುವಾರ ಬೆಟ್ಟದ ಮೇಲಿನ ಸಮಾಧಿಗಳಿಗೆ ಹೂವಿಡುವ ದಿನ. ಈ ಸಲ ಪಿಯೋನಿ ಗಿಡ ತಲೆ ಎತ್ತಲಾರದಷ್ಟು ಹೂ ಬಿಟ್ಟಿದೆ. ಅಪ್ಪನ ಪಕ್ಕ ಕಳೆ ಕೀಳಲು ನೀನಿಲ್ಲ, ಗಾರ್ನೆಟ್ ಕೀಳುತ್ತಾಳಂತೆ, ನನಗೆ ಬಗ್ಗಲು ಬಿಡುವುದಿಲ್ಲ. ಹಲ್ಲನ್ನು ಡಾಕ್ಟರಿಗೆ ತೋರಿಸಿಕೋ. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ, ನನ್ನ ಕೈ ಅಲ್ಲಿಗೆ ಬರುವವರೆಗೆ.

ನಿನ್ನ ಅಮ್ಮ,
ಡ್ರೀಮಾ

ಮರೆತ ಮಾತು (ಶುಕ್ರವಾರ ಬೆಳಿಗ್ಗೆ, ಗಾರ್ನೆಟ್ ಅಂಗಳದಲ್ಲಿ ಕಾರಿನ ಹಾರ್ನ್ ಒತ್ತುತ್ತಿದ್ದಾಳೆ): ಮರೆತಿರಲಿಲ್ಲ, ಹೆದರಿದ್ದೆ. ಮಂಗಳವಾರ ಅಪ್ಪನ ಡಬ್ಬಿಯಲ್ಲಿ ಸಮಾಧಿಗೆ ಹೂ ಜೋಡಿಸೋಣ ಎಂಬ ನೆಪ ಮಾಡಿಕೊಂಡು ಅದನ್ನು ಕೆಳಗಿಳಿಸಿದೆ. ಸತ್ತವನ ಡಬ್ಬಿಯನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ ಎಂದು ಅಲ್ಲಿಟ್ಟಿದ್ದೆನೇನೋ. ನೀನು ಚಿಕ್ಕವನಿದ್ದಾಗ ನಿನಗೆಂದು ಕೇಕಿನ ತುಂಡು ಉಳಿಸಿ ತರುತ್ತಿದ್ದನಲ್ಲ, ಆ ಮೇಲಿನ ತಟ್ಟೆ ಎತ್ತಿದೆ. ಗಣಿಗೆ ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದ ಕೆಳಗಿನ ಅಂಕಣದಲ್ಲಿ ಬಾಟಲಿ ಇತ್ತು. ನನ್ನ ಹೆಸರು, ಆ ತಿಂಗಳ ತಾರೀಖು. ನೀನು ಮುಟ್ಟಿರಲಿಲ್ಲ. ನಾನೇ ಇಟ್ಟಿದ್ದೆ. ನೀನು ನನ್ನನ್ನು ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಈಗ ಅದನ್ನು ಹಿಡಿದುಕೊಂಡು ನಿನ್ನ ವಕೀಲರ ಹತ್ತಿರ, ಅಲ್ಲಿಂದ ಜಡ್ಜ್ ಹತ್ತಿರ ಹೊರಟಿದ್ದೇನೆ. ಸುಳ್ಳು ದೂರು ಕೊಟ್ಟೆನೆಂದು ನನ್ನನ್ನೇ ಒಳಗೆ ಹಾಕಿದರೆ ಹಾಕಲಿ, ಅಲ್ಲಿ ಬೀನ್ಸ್ ನಾನು ಬೇಯಿಸುತ್ತೇನೆ. ಪೊಲೀಸರ ಕಾಗದದಲ್ಲಿ ನಲವತ್ತೆರಡು ಎಂದಿದೆ, ಒಂದು ಕಡಿಮೆಯಾದರೂ ನಿನ್ನನ್ನು ಯಾರೂ ನಂಬುವುದಿಲ್ಲ. ಬುಧವಾರ ಬೆನ್ನುನೋವು ಎದ್ದು ಕುಣಿಯಿತು. ಮುಚ್ಚಳ ತೆಗೆದೆ. ಒಂದನ್ನು ನಾಲಿಗೆಯ ಮೇಲೆ ಇಟ್ಟುಕೊಂಡೆ. ಈಗಷ್ಟೇ ಮೇಜಿನ ಮೇಲೆ ಸುರಿದು ಎಣಿಸಿದೆ. ನಲವತ್ತೆರಡೂ ಇವೆ, ಕೋಯ್. ಒಂದರ ಅಂಚು ಮಾತ್ರ ಸ್ವಲ್ಪ ಕರಗಿದೆ.