ತೊಟ್ಟಿಲಿನ ನಾಲ್ಕನೇ ಕಾಲು

ಮಾರ್ಚ್ 3
ಬೆಳಿಗ್ಗೆ ಮತ್ತೆ ಶೆಡ್. ಉಕ್ಕಡಂ ಗುಜರಿ ಅಂಗಡಿಯಿಂದ ತಂದ, ಮರವನ್ನು ಕಚ್ಚಿ ಹಿಡಿದು ತಿರುಗಿಸುವ ಲೇತ್ ಚಕ್ ತೊಳೆದೆ. ಮೋಟರ್, ಬೆಲ್ಟ್ ಕೂರಿಸಿದೆ. ಕಂಪ್ಯೂಟರ್ ಹೇಳಿದಂತೆ ಕೆತ್ತುವ ನನ್ನ ಸಿಎನ್‌ಸಿ ಯಂತ್ರ ಇಷ್ಟು ದಿನ ಹಲಗೆ ಮಾತ್ರ ಕೆತ್ತುತ್ತಿತ್ತು. ಇನ್ನು ಮರವನ್ನು ತಿರುಗಿಸಿಕೊಂಡು ಸುತ್ತಲೂ ಕೆತ್ತಬೇಕು. ಹೆಂಡತಿಯ ಅಣ್ಣ ನಾಚಿಮುತ್ತು ಭಾವ ಹುಟ್ಟಲಿರುವ ಮರಿಮಗುವಿಗೆ ತೊಟ್ಟಿಲು ಮಾಡಲು ಹಿಡಿದಿದ್ದರು. ಹಗ್ಗ ಹೊಸೆದಂಥ ತಿರುಪು ಕೆತ್ತನೆಯ ತೇಗದ ಕಾಲುಗಳು. ಕೈಯಲ್ಲೇ ಮೂರು ಮಾಡಿದರು. ಮೂರನೆಯದು ಮುಗಿಯುವ ಹೊತ್ತಿಗೆ ಬಲಗೈ ನಡುಕ, ಉಳಿ ನಿಲ್ಲುವುದಿಲ್ಲ. ಇದೇ ಅವರ ಕೊನೆಯ ಕೆಲಸ ಅಂತ ಇಬ್ಬರಿಗೂ ಗೊತ್ತು. ಅರ್ಧಕ್ಕೆ ನಿಲ್ಲಬಾರದು.

ಮಾರ್ಚ್ 4
ಭಾವ ಬಂದು ನೋಡಿದರು. ತಂಗಿಯ ಗಂಡ ಅಂತ ನನ್ನನ್ನು ಮಾಪಿಳ್ಳೆ ಅನ್ನುತ್ತಾರೆ.
"ಏನ್ ಮಾಪಿಳ್ಳೆ, ಗ್ರೈಂಡರ್ ಮಾಡ್ತಿದ್ದೀಯಾ? ನನ್ ತಂಗಿಗೆ ಹಿಟ್ಟು ರುಬ್ಬಿಕೊಡ್ತದಾ?"
"ನಿಮ್ಮ ನಾಲ್ಕನೇ ಕಾಲು ಮಾಡ್ತದೆ ಭಾವ."
ನಗಲಿಲ್ಲ. ಬಲಗೈಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡರು. ಯಾಕಾದರೂ ಹೇಳಿದೆನೋ.

ಮಾರ್ಚ್ 19
ಹದಿನೈದು ದಿನ ಬರೀ ಇದೇ. ಚಕ್ ಅಲ್ಲಾಡುತ್ತಿತ್ತು — ಬಿಚ್ಚು, ಕೂರಿಸು, ಮತ್ತೆ ಬಿಚ್ಚು... ಒಂದು ಸುತ್ತು ಅಂದರೆ ಒಂದೇ ಸುತ್ತು, ಕೂದಲೆಳೆಯೂ ಹೆಚ್ಚಿಲ್ಲದೆ ತಿರುಗಬೇಕು. ಇವತ್ತು ತಿರುಗಿತು. ಕುಣಿಯಬೇಕು ಅನ್ನಿಸಿತು.

ಭಾವನ ಮೂರೂ ಕಾಲು ಅಳೆದೆ. ಒಂದು ತಿರುಪಿನಿಂದ ಇನ್ನೊಂದಕ್ಕೆ 61 ಮಿಲಿಮೀಟರ್, 59, 60.5... ಡ್ರಾಯಿಂಗಿನಲ್ಲಿ 60 ಎಂದು ಬರೆದೆ. ಮೂವತ್ತು ವರ್ಷ ಪಂಪ್ ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಮಾಡಿದ್ದೇ ಅದು, ಏರುಪೇರು ತೆಗೆದು ಒಂದೇ ಅಳತೆಗೆ ತರುವುದು.

ಮಾರ್ಚ್ 22, ಸಂಜೆ 4
ಯಂತ್ರದಿಂದ ನಾಲ್ಕನೇ ಕಾಲು ಬಂತು. ಎಷ್ಟು ಚೆಂದ. ನಾಲ್ಕನ್ನೂ ಸಾಲಾಗಿ ನಿಲ್ಲಿಸಿದೆ. ಭಾವ ಹೊಸದನ್ನು ಎಡಗೈಯಿಂದ ಸವರಿದರು, ತುಂಬ ಹೊತ್ತು.
"ಒಂದ್ ತಪ್ಪಿಲ್ಲ. ಇದರ ಪಕ್ಕ ನನ್ನವು ಮೂರೂ ಸೊಟ್ಟಗೆ ಕಾಣ್ತವೆ. ಅವನ್ನ ಒಲೆಗೆ ಹಾಕು ಮಾಪಿಳ್ಳೆ. ಇಂಥವೇ ಇನ್ನೂ ಮೂರು ಮಾಡ್ಬಿಡು."
ಆ 60 ಬರೆದದ್ದೇ ತಪ್ಪು. ಅವರ ಕೆಲಸ ಉಳಿಸಲು ಹೊರಟು ನಾನೇ ಅದನ್ನು ಹಾಳು ಮಾಡಿದೆ.
"ಮೋಟರ್ ಸುಟ್ಟುಹೋಯ್ತು ಭಾವ" ಎಂದೆ. ಸುಳ್ಳು.

ಮಾರ್ಚ್ 23
ಅವರ ಮೂರನೇ ಕಾಲನ್ನು ಚಕ್ಕಿಗೆ ಕಚ್ಚಿಸಿ, ಚೂರು ಚೂರೇ ತಿರುಗಿಸುತ್ತ ಅಳೆಯುತ್ತಿದ್ದೆ. ನಾಲ್ಕನೆಯದನ್ನು ಇದರಂತೆಯೇ ಮತ್ತೆ ಕೆತ್ತಲು, ಸೊಟ್ಟ ಇದ್ದಲ್ಲಿ ಸೊಟ್ಟವನ್ನೇ ಬರೆದುಕೊಳ್ಳುತ್ತಿದ್ದೆ. ನೋಡಿದರೆ ಭಾವ ಬಾಗಿಲಲ್ಲಿ.
"ಸುಟ್ಟ ಮೋಟರ್ ತಿರುಗ್ತಿದೆಯಲ್ಲ."
ಸ್ವಿಚ್ ಆರಿಸಿದೆ.
"ನನ್ನ ಕೈಯ ತಪ್ಪೂ ಕಲೀತದಾ ಅದು?"
"ಕಲೀತದೆ."
ಸ್ಟೂಲ್ ಎಳೆದುಕೊಂಡು ಕೂತರು. ನನ್ನ ಬೆರಳು ಹಿಡಿದು ಚಕ್ಕಿನಲ್ಲಿದ್ದ ಕಾಲಿನ ಮೇಲೆ ಒಂದು ಕಡೆ ಇಟ್ಟರು.
"ಕೈ ನಡುಗೋಕೆ ಶುರುವಾಗಿದ್ದು ಇಲ್ಲಿ. ಇಲ್ಲೀತನಕ ಅಳತೆ ತಗೋ. ಮುಂದಿನದು ಬೇಡ."
ತಲೆಯಾಡಿಸಿದೆ. ಕಾಫಿಗೆಂದು ಒಳಗೆ ಹೋದರು. ಆ ನಡುಕವೂ ಅವರ ಕೈಯದೇ. ನಾನು ಮುಂದಿನದನ್ನೂ ಅಳೆಯುತ್ತಿದ್ದೇನೆ. 58.5. 62. 57...